ಧನಗೆರೆಯ ಕೆಂಪು ಮೀನು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಗಂಡಸನ್ನು ನಾನು ಕೊಳ್ಳೇಗಾಲದಲ್ಲಿ ಇನ್ನೂ ಕಂಡಿಲ್ಲ. ದಾರಿ ಕೇಳಿದರೆ, ನಿನ್ನೆ ತಾನೇ ಊರಿಗೆ ಬಂದವನೂ ಕೈ ಚಾಚಿ ತೋರಿಸುತ್ತಾನೆ. ಹನೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದರೆ, ಸ್ಟ್ಯಾಂಡಿನಲ್ಲಿ ಬರೀ ನೆರಳಿಗೆಂದು ನಿಂತವನೂ "ಈಗ ಬತ್ತದೆ" ಎನ್ನುತ್ತಾನೆ. ಇಂಥವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಅವರಲ್ಲೆಲ್ಲ ಅಗ್ರಗಣ್ಯನಾದವನು ನನ್ನ ಹೆಂಡತಿಗೇ ತಮ್ಮನಾಗಿ ಹುಟ್ಟಿದ್ದು ನನ್ನ ಗ್ರಹಚಾರ.

ಅರವತ್ತರ ದಶಕದ ಮಾತು. ದಸರಾ ವಸ್ತುಪ್ರದರ್ಶನಕ್ಕೆಂದು ಮೈಸೂರಿಗೆ ಹೋಗಿದ್ದಾಗ ನನ್ನ ಹೆಂಡತಿ ನಾಗರತ್ನ ಎರಡು ಚಿನ್ನದ ಮೀನು ಕೊಂಡಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವುಗಳ ಚೊಂಬನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಕಿಟಕಿಗೆ ಗಾಜು ಕೂರಿಸುವವನಿಂದ ಒಂದು ತೊಟ್ಟಿ ಮಾಡಿಸಿ ನಡುಮನೆಯಲ್ಲಿ ನನ್ನ ಮಗ್ಗದ ಪಕ್ಕದಲ್ಲೇ ಇಟ್ಟೆವು. ರೇಷ್ಮೆ ಸುತ್ತಿ ಸುತ್ತಿ ಕೈ ಸೋತಾಗಲೆಲ್ಲ ಅವಳು ಅದರ ಮುಂದೆ ಹೋಗಿ ಕೂರುತ್ತಿದ್ದಳು. ನನ್ನೊಡನೆ ವರ್ಷದಲ್ಲಿ ಆಡದಷ್ಟು ಮಾತನ್ನು ಆ ಮೀನುಗಳೊಡನೆ ಒಂದು ಸಂಜೆಯಲ್ಲಿ ಆಡುತ್ತಿದ್ದಳು. ಅವಕ್ಕೆ ಏನಾದರೂ ಆದರೆ ಈ ಮನೆಯಲ್ಲಿ ನನ್ನ ಗತಿ ಏನು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಒಂದು ದಿನ ಭಾವಮೈದ ಚಿಕ್ಕಸ್ವಾಮಿ ಧನಗೆರೆಯಿಂದ ಒಂದು ಡಬ್ಬಿ ಹಿಡಿದು ಬಂದ. ಒಳಗೆ ಕುಂಕುಮದ ಬಣ್ಣದ ಒಂದು ಪುಟ್ಟ ಮೀನು.

"ಚಿನ್ನದ ಮೀನಿನ ಮರಿ ಕಣ್ ಬಾವ. ನಮ್ಮೂರ್ ಕೆರೇಲಿ ಟವಲ್ ಆಕಿ ಇಡ್ದೆ" ಎಂದ.

"ಚಿನ್ನದ ಮೀನೇ ಅಂತ ನಿಂಗೆ ಯಾರ್ಲಾ ಏಳಿದ್ರು?"

"ಕೆಂಪಗದಲ್ಲ ಬಾವ, ಇನ್ನೇನ್ ಬೇಕು?"

ಊರಿನ ಹೆಸರಿನಲ್ಲಿ ಧನವಿದ್ದರೆ ಕೆರೆಯಲ್ಲಿ ಚಿನ್ನ ಈಜುತ್ತದೆಯೇ? ಆ ಹೆಸರೂ ನಮ್ಮ ಕಡೆಯವರ ಬಾಯಲ್ಲಿ ದನಗೆರೆಯೇ ಆಗುತ್ತದೆ. ಚಿಕ್ಕಸ್ವಾಮಿಯನ್ನು ನೋಡಿದಾಗಲೆಲ್ಲ ಆ ಉಚ್ಚಾರವೇ ಸರಿಯೆಂದು ನನಗೆ ತೋರಿದೆ. ನಾಗರತ್ನಳಿಗೂ ಅದೇ ತವರಾದ್ದರಿಂದ ಈ ಸಂಶೋಧನೆಯನ್ನು ಮನೆಯಲ್ಲಿ ಪ್ರಕಟಿಸಿಲ್ಲ.

ಯಾವ ಮೀನೆಂದು ತಿಳಿಯುವವರೆಗೆ ಅದು ಹಿತ್ತಲ ಮಡಕೆಯಲ್ಲಿರಲಿ ಎಂದು ಅಪ್ಪಣೆ ಮಾಡಿದೆ. ಆದರೆ ಕೇಳುವುದು ಯಾರನ್ನು? ನಾವು ಮೀನು ತಿನ್ನುವವರಲ್ಲ, ನಮಗೆ ಎಲ್ಲ ಮೀನೂ ಮೀನೇ. ಎದುರು ಮನೆಯ ವಿಜ್ಞಾನದ ಮೇಷ್ಟ್ರನ್ನು ಕರೆದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಇದು ಫಾರಿನ್ ತಳಿ" ಎಂದರು. ಧನಗೆರೆಗೆ ಫಾರಿನ್ನಿನಿಂದ ಯಾವ ಬಸ್ಸಿನಲ್ಲಿ ಬಂತೋ ಅವರೇ ಹೇಳಬೇಕು. ಬೀದಿಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಮೀನು ಮಾರುವವನನ್ನು ನಿಲ್ಲಿಸಿದೆ. ಅವನಾದರೋ, "ಮರೀಲಿ ಎಲ್ಲಾ ಒಂದೇ ಸಾ. ಸಾರಿಗಾಗೋವಷ್ಟು ಬೆಳೀಲಿ, ಆಗ ಏಳ್ತೀನಿ" ಎಂದು ಬೆಲ್ಲು ಬಾರಿಸಿಕೊಂಡು ಹೋದ. ಅವನ ಮೀನುಗಳಿಗೆ ನಾಮಕರಣವಾಗುವುದು ಒಲೆಯ ಮೇಲೆ. ನಾನು ಹೀಗೆ ಊರೆಲ್ಲ ಬೈದುಕೊಂಡು ಬರುವಷ್ಟರಲ್ಲಿ ನಾಗರತ್ನ, "ಪಾಪ, ಒಂಟಿಯಾಗಿತ್ತು" ಎಂದು ಅದನ್ನು ತೊಟ್ಟಿಗೆ ಬಿಟ್ಟಾಗಿತ್ತು.

ಮರಿ ಚೆನ್ನಾಗಿಯೇ ಬೆಳೆಯಿತು. ನೂಲು ತೆಗೆದ ಮೇಲೆ ಗೂಡಿನಲ್ಲಿ ಉಳಿಯುವ ರೇಷ್ಮೆಹುಳುವನ್ನು ಎಷ್ಟು ಹಾಕಿದರೂ ನುಂಗುತ್ತಿತ್ತು. ಬೆಳೆಯುತ್ತ ಬೆಳೆಯುತ್ತ ಕೆಂಪು ಮಾಸಿ ಪಾಚಿಬಣ್ಣ ತಿರುಗಿತು, ತಲೆ ಹಾವಿನ ತಲೆಯ ಹಾಗಾಯಿತು. ಆಗಾಗ ನೀರಿನ ಮೇಲಕ್ಕೆ ಮೂತಿ ಚಾಚಿ ಒಂದು ಗುಟುಕು ಗಾಳಿ ಕುಡಿದು ಹೋಗುತ್ತಿತ್ತು. ಒಂದು ಚಿನ್ನದ ಮೀನು ಕಾಣೆಯಾದಾಗ ನಾಗರತ್ನ ಬೆಕ್ಕನ್ನು ಬೈದಳು. ಇನ್ನೊಂದೂ ಕಾಣೆಯಾದ ಬೆಳಿಗ್ಗೆ, ತೊಟ್ಟಿಯಲ್ಲಿ ಹೊಟ್ಟೆ ಊದಿಸಿಕೊಂಡು ಬಿದ್ದಿದ್ದವನನ್ನು ಕಂಡ ಮೇಲೆ ಬೆಕ್ಕಿಗೆ ಬಿಡುಗಡೆಯಾಯಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆ ದಿನ ಒಲೆ ಹಚ್ಚಲಿಲ್ಲ. ನನಗೂ ಸಂಕಟವಾಯಿತು, ಹಸಿವಿನಿಂದ ಮಾತ್ರವೇ ಅಲ್ಲ. ಅಕ್ಕನನ್ನು ಸಮಾಧಾನ ಮಾಡಲು ಬಂದ ಚಿಕ್ಕಸ್ವಾಮಿ ತೊಟ್ಟಿಗೆ ಇಣುಕಿ, "ಆದ್ರೂ ಚೆನ್ನಾಗ್ ಬೆಳ್ದದೆ ಅಲ್ವಾ ಬಾವ" ಎಂದ.

ಮೀನಿನವನನ್ನು ಮತ್ತೆ ಕರೆದೆ. ಈ ಸಲ ಅವನು ಸೈಕಲ್ಲಿನಿಂದ ಇಳಿದ.

"ಕೊರವ ಮೀನು ಸಾ ಇದು. ಜೊತೇಲಿರೋದ್ನೆಲ್ಲಾ ತಿಂದಾಕ್ತದೆ. ಕೊಡಿ, ತಕಂಡೋಯ್ತೀನಿ."

"ಕೊಟ್ಟುಬಿಡು" ಎಂದೆ ನಾಗರತ್ನಳಿಗೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನನ್ನ ನಾಲಿಗೆ ನಿಲ್ಲಬೇಕಲ್ಲ. "ಕೆಂಪಗದೆ ಅಂತ, ಹಿಂದುಮುಂದು ವಿಚಾರಿಸದೆ ಮನೆಯೊಳಕ್ಕೆ ಬಿಟ್ಕೊಂಡ್ರೆ ಹಿಂಗೇ ಆಗೋದು. ನಿಮ್ಮ ಮನೆಯವರಿಗೆ ಅಷ್ಟೂ ಬುದ್ಧಿ ಇಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹುಡ್ಗ ಕೆಂಪಗವ್ನೆ ಅಂತ್ಲೇ ನಮ್ಮಪ್ಪ ನಿಮ್ಮನ್ನ ಒಪ್ಕಂಡಿದ್ದು. ಗುಣ ಆಮೇಲ್ ಗೊತ್ತಾಯ್ತು ಅಂತ ನಾನೇನ್ ನಿಮ್ಮನ್ನ ಯಾರ್ಗಾರೂ ಕೊಟ್ಬುಟ್ನಾ?"

ಮೀನಿನವನು ಸದ್ದಿಲ್ಲದೆ ಸೈಕಲ್ ತಿರುಗಿಸಿಕೊಂಡ. ಅಂದಿನಿಂದ ಕೊರವನಿಗೆ ಹುಳು ತಂದು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಹಾಕುವಾಗ ತೊಟ್ಟಿಯ ಗಾಜಿನಲ್ಲಿ ನನ್ನ ಮುಖ ಅದರ ಮುಖದ ಪಕ್ಕದಲ್ಲೇ ಕಾಣುತ್ತಿತ್ತು. ನನ್ನ ಕೆಂಪೂ ಯಾವಾಗಲೋ ಮಾಸಿತ್ತು.