ಐಸ್‌ಲ್ಯಾಂಡಿನ ಹೆಂಗಸರು ಮತ್ತು ನನ್ನ ಇಪ್ಪತ್ತೈದು ನಿಮಿಷ

ಇನ್ನು ಮುಂದೆ ನನ್ನ ಮನೆಯಲ್ಲಿ ಒಂದು ನರಪಿಳ್ಳೆಯೂ ಅಜ್ಞಾನಿಯಾಗಿ ಉಳಿಯಕೂಡದು! ಹೀಗೆಂದು ನಾನು ಅಕ್ಟೋಬರ್ ಒಂದನೇ ತಾರೀಖು ಹಲ್ಲುಜ್ಜುತ್ತಾ ಶಪಥ ಮಾಡಿದೆ. ಬಾಯಿ ತುಂಬ ನೊರೆಯಿದ್ದದ್ದರಿಂದ ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೆ ಅಲ್ಲೇ ತಡೆದಿರುತ್ತಿದ್ದರು, ನನ್ನ ಮಾನ ಉಳಿಯುತ್ತಿತ್ತು.

ಶಪಥಕ್ಕೆ ಕಾರಣ ಸಿಟ್ಟು. ಶಾಲೆಯ ಚೀಲ ಹೊಲಿಯುವ ಕಾರ್ಖಾನೆಯೊಂದರ ಹಾಜರಾತಿ ವಿಭಾಗದಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಗುಮಾಸ್ತ. ದಿನಾ ಬೆಳಿಗ್ಗೆ ಮೊಹರಿನ ತಾರೀಖು ತಿರುಗಿಸಿ ಹಾಜರಿ ಪುಸ್ತಕದ ಮೇಲೆ ಠಪ್ಪೆಂದು ಒತ್ತುವುದು ನನ್ನ ಮೊದಲ ಕೆಲಸ. ಏನಿಲ್ಲವೆಂದರೂ ಏಳೂವರೆ ಸಾವಿರ ತಾರೀಖು ಒತ್ತಿದ್ದೇನೆ. ಅಂಥ ನನ್ನನ್ನು ಹಿಂದಿನ ಸಂಜೆ ನನ್ನ ಮಗಳು, "ಅಪ್ಪಾ, ಚರಿತ್ರೆಯಲ್ಲಿ ಇವತ್ತಿನ ವಿಶೇಷ ಏನು?" ಎಂದು ಕೇಳಿದಳು. "ಇವತ್ತು ಏಳು ಜನ ಗೈರುಹಾಜರು" ಎಂದೆ. ಅವಳು ನಕ್ಕಳು. ಅವಳ ತಾಯಿ ನಗಲಿಲ್ಲ, ನಿಟ್ಟುಸಿರು ಬಿಟ್ಟಳು. ನಗುವನ್ನು ಸಹಿಸಬಹುದು, ನಿಟ್ಟುಸಿರನ್ನು ಸಹಿಸಲಾಗದು!

ಶಪಥ ಮಾಡಿದ ದಿನವೇ ಸಂಜೆ ಹಳೆಯ ಪುಸ್ತಕದಂಗಡಿಯಿಂದ ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದನ್ನು ಹೊತ್ತು ತಂದೆ. ವರ್ಷದ ಪ್ರತಿ ತಾರೀಖಿಗೂ ಒಂದು ಪುಟ. ಯಾವ ಯಾವ ಶತಮಾನದಲ್ಲಿ ಆ ದಿನ ಜಗತ್ತಿನಲ್ಲಿ ಏನೇನು ನಡೆಯಿತೆಂದು ಅದರಲ್ಲಿತ್ತು. ಮಾರನೆಯ ದಿನದಿಂದ ತಿಂಡಿಯ ಹೊತ್ತಿಗೆ ಉಪನ್ಯಾಸ ಶುರು.

ಅಕ್ಟೋಬರ್ ಎಂಟರಂದು, ಸಾವಿರದ ಎಂಟುನೂರ ಎಪ್ಪತ್ತೊಂದರಲ್ಲಿ ಶಿಕಾಗೋ ನಗರ ಹೊತ್ತಿ ಉರಿದ ಕಥೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದಾಗ, ನೋಡಿಕೊಳ್ಳಲು ನನಗೆ ವಹಿಸಿದ್ದ ಹಾಲು ಉಕ್ಕಿ, ಸುರಿದು, ತಳ ಹೊತ್ತಿ, ಅಡುಗೆಮನೆಯೇ ಶಿಕಾಗೋ ಆಯಿತು. ಹದಿನಾಲ್ಕರಂದು, ಸಾವಿರದ ಒಂಬೈನೂರ ನಲವತ್ತೇಳರಲ್ಲಿ ಮನುಷ್ಯ ಮೊಟ್ಟಮೊದಲು ಶಬ್ದಕ್ಕಿಂತ ವೇಗವಾಗಿ ವಿಮಾನ ಹಾರಿಸಿದನೆಂದೆ.

"ಅದೇನು ಮಹಾ," ಎಂದಳು ನನ್ನವಳು. "ನಾನು ಕೂಗಿದ್ದು ಕೇಳಿಸೋ ಮೊದಲೇ ನೀವು ದಿನಾ ಮನೆಯಿಂದ ಹಾರ್ತೀರಲ್ಲ."

ಮಗಳು ಕಿವಿಗೆ ಬಿರಡೆ ಸಿಕ್ಕಿಸಿಕೊಂಡು ಹಾಡು ಕೇಳತೊಡಗಿದಳು. ನನ್ನ ಮೈಯೆಲ್ಲ ಉರಿಯಿತು. ಕಿವಿಯಿಂದ ಹೋಗದ ಜ್ಞಾನವನ್ನು ಹೊಟ್ಟೆಯ ದಾರಿಯಲ್ಲಿ ಕಳಿಸುತ್ತೇನೆಂದು ಅಂದೇ ನಿರ್ಧರಿಸಿದೆ.

ನನ್ನವಳೂ ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ನಾನು ಮಹಡಿಯ ಮೇಲೆ ಫ್ಯಾನಿನ ಕೆಳಗೆ, ಅವಳು ಕೆಳಗೆ ಅಂಟು ಹಚ್ಚುವ ಮೇಜಿನಲ್ಲಿ. ಅವಳ ಊಟದ ಡಬ್ಬಿಯ ಮುಚ್ಚಳದ ಮೇಲೆ ದಿನಕ್ಕೊಂದು ಚೀಟಿ ಇಟ್ಟು ಬಟ್ಟೆ ಕಟ್ಟತೊಡಗಿದೆ. ಚೀಟಿಗೆ ಹೊಸ ಕಾಗದ ಏಕೆ ಹಾಳು? ಆಫೀಸಿನ ಕಸದ ಬುಟ್ಟಿಯಲ್ಲಿ ಒಂದೇ ಮಗ್ಗುಲು ಅಚ್ಚಾದ ಕಾಗದ ರಾಶಿ ರಾಶಿ ಬಿದ್ದಿರುತ್ತದೆ. ಅದನ್ನು ತಂದು, ಹರಿದು, ಖಾಲಿ ಮಗ್ಗುಲಲ್ಲಿ ಬರೆಯುತ್ತಿದ್ದೆ. ಈ ಮಿತವ್ಯಯಕ್ಕೆ ಯಾರಾದರೂ ನನ್ನ ಬೆನ್ನು ತಟ್ಟಬೇಕೆಂದು ಬಹಳ ಆಸೆಯಿತ್ತು.

ಮೊದಲ ಮೂರು ದಿನ ಬೈಗುಳ ಬಂತು. ಡಬ್ಬಿ ಬಿಚ್ಚಿದರೆ ಯುದ್ಧ, ಭೂಕಂಪ, ಹಡಗು ಮುಳುಗಿದ್ದು. ತುತ್ತು ಗಂಟಲಲ್ಲಿ ಇಳಿಯುವುದಾದರೂ ಹೇಗೆಂದು ಕೇಳಿದಳು. ನಾಲ್ಕನೆಯ ದಿನ ಕತ್ತರಿ ಅಕ್ಕ ಚೀಟಿಯನ್ನು ಕಿತ್ತುಕೊಂಡು ಎಲ್ಲರಿಗೂ ಓದಿ ಹೇಳಿದಳಂತೆ. ಈಕೆ ಬಟ್ಟೆ ಕತ್ತರಿಸುವ ಮೇಜಿನ ಹಿರಿಯಳು. ಆ ಹೆಸರು ಕೆಲಸದಿಂದ ಬಂತೋ ನಾಲಗೆಯಿಂದ ಬಂತೋ ನಾನು ವಿಚಾರಿಸಲು ಹೋಗಿಲ್ಲ. ಅಲ್ಲಿಂದ ಮುಂದೆ ದಿನಾ ಊಟದ ಕೋಣೆಯಲ್ಲಿ ಇನ್ನೂರ ಹನ್ನೆರಡು ಹೆಂಗಸರು ನನ್ನ ಚೀಟಿಗಾಗಿ ಕಾಯುವಂತಾಯಿತು. ನಾನು ಮಹಡಿಯ ಮೇಲೆ ಒಂದಂಗುಲ ಎತ್ತರವಾದೆ.

ಅಕ್ಟೋಬರ್ ಇಪ್ಪತ್ತನಾಲ್ಕರ ಪುಟ ತೆಗೆದಾಗ ನನಗೆ ರೋಮಾಂಚನವಾಯಿತು. ಎಂಥ ತಾರೀಖು ಅದು! ಸಾವಿರದ ಆರುನೂರ ನಲವತ್ತೆಂಟರಲ್ಲಿ ಯೂರೋಪಿನವರು ಮೂವತ್ತು ವರ್ಷ ಹೊಡೆದಾಡಿ ಸುಸ್ತಾಗಿ ಕಾಗದಕ್ಕೆ ಸಹಿ ಹಾಕಿದ್ದು ಅಂದು. ಸಾವಿರದ ಒಂಬೈನೂರ ಒಂದರಲ್ಲಿ ಅಮೆರಿಕದ ಮಾಸ್ತರಿಣಿಯೊಬ್ಬಳು ತನ್ನ ಅರವತ್ತಮೂರನೆಯ ಹುಟ್ಟುಹಬ್ಬಕ್ಕೆ ಪೀಪಾಯಿಯೊಳಗೆ ಕೂತು ನಯಾಗರಾ ಜಲಪಾತದಿಂದ ಕೆಳಗೆ ಬಿದ್ದು ಬದುಕಿದ್ದು ಅಂದು. ಇಪ್ಪತ್ತೊಂಬತ್ತರಲ್ಲಿ ನ್ಯೂಯಾರ್ಕಿನ ಷೇರುಪೇಟೆ ದಬಾರನೆ ಕುಸಿದದ್ದು ಅಂದು. ನಲವತ್ತೈದರಲ್ಲಿ ವಿಶ್ವಸಂಸ್ಥೆ ಹುಟ್ಟಿದ್ದು ಅಂದು. ಕೊನೆಗೆ, ಎಪ್ಪತ್ತೈದರಲ್ಲಿ ಐಸ್‌ಲ್ಯಾಂಡ್ ದೇಶದ ಹೆಂಗಸರಲ್ಲಿ ನೂರಕ್ಕೆ ತೊಂಬತ್ತು ಮಂದಿ, ನಮ್ಮ ದುಡಿಮೆಗೆ ಬೆಲೆಯಿಲ್ಲವೆಂದು ಸಿಟ್ಟಾಗಿ, ಕೆಲಸಕ್ಕೆ ಹೋಗದೆ, ಅಡುಗೆ ಮಾಡದೆ, ಮಕ್ಕಳನ್ನು ನೋಡಿಕೊಳ್ಳದೆ ಇಡೀ ದಿನ ಕೈಕಟ್ಟಿ ನಿಂತದ್ದೂ ಅಂದೇ!

ಇಷ್ಟು ಸಂಪತ್ತು ಅಂಗೈಯಗಲದ ಚೀಟಿಯಲ್ಲಿ ಹಿಡಿಯುತ್ತದೆಯೇ? ಇಡೀ ಹಾಳೆಯನ್ನೇ ಹರಿಯದೆ ತೆಗೆದುಕೊಂಡು ಗುಂಡಗೆ ಬರೆದೆ. ಐಸ್‌ಲ್ಯಾಂಡಿನ ಗಂಡಸರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಆಫೀಸಿಗೆ ಹೋದ ಪಾಡನ್ನು ವರ್ಣಿಸಿ, "ಒಂದೇ ದಿನದಲ್ಲಿ ದೇಶ ಸ್ತಬ್ಧ!" ಎಂದು ಕೆಳಗೆ ಎರಡು ಗೆರೆ ಎಳೆದೆ. ಹಾಳೆಯ ಹಿಂದಿನ ಮಗ್ಗುಲು ನೋಡಲಿಲ್ಲ. ಕಸದ ಹಿಂಭಾಗವನ್ನು ಯಾರು ನೋಡುತ್ತಾರೆ?

ಇನ್ನೂರ ಹನ್ನೆರಡು ಜನ ನೋಡುತ್ತಾರೆ.

ಕೆಳಗಿನವರ ಊಟದ ವಿರಾಮ ಹನ್ನೆರಡೂವರೆಯಿಂದ ನಲವತ್ತು ನಿಮಿಷ. ಆಮೇಲೆ ಗಂಟೆ ಹೊಡೆದರೆ ಹೊಲಿಗೆ ಯಂತ್ರಗಳು ಒಟ್ಟಿಗೆ ಶುರುವಾಗಿ ಮಹಡಿಯ ಮೇಲಿನ ನನ್ನ ಮೇಜು ನಡುಗುತ್ತದೆ. ನಮ್ಮ ಆಫೀಸಿನವರ ಊಟ ಒಂದೂಕಾಲಿನಿಂದ, ಒಂದು ಗಂಟೆ ಪೂರ್ತಿ. ಆ ದಿನ ಗಂಟೆ ಹೊಡೆಯಿತು. ಮೇಜು ನಡುಗಲಿಲ್ಲ. ಮೇಜಿನ ಬದಲು ಸ್ವಲ್ಪ ಹೊತ್ತಿನಲ್ಲಿ ನಾನು ನಡುಗಬೇಕಾಯಿತು. ನನ್ನ ಡಬ್ಬಿಯನ್ನು ಬಿಚ್ಚುವಷ್ಟರಲ್ಲಿ ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು. ಮುಖ ಕಾದ ಇಸ್ತ್ರಿಪೆಟ್ಟಿಗೆಯಂತಿತ್ತು.

"ಏನ್ರೀ ಇದು?"

ಅವರ ಕೈಯಲ್ಲಿ ನನ್ನ ಹಾಳೆ. ಐಸ್‌ಲ್ಯಾಂಡ್ ಅವರ ಹೆಬ್ಬೆರಳಿನ ಕೆಳಗೆ ಮುದುಡಿತ್ತು. ಹಾಳೆಯನ್ನು ತಿರುಗಿಸಿದರು. ಹಿಂದೆ ನಾನೇ ಮೂರು ದಿನದ ಹಿಂದೆ ಟೈಪ್ ಮಾಡಿ, ಕಾಗುಣಿತ ತಪ್ಪಿತೆಂದು ಬುಟ್ಟಿಗೆ ಎಸೆದಿದ್ದ ಸೂಚನೆಯ ಕರಡು: ಮುಂದಿನ ತಿಂಗಳಿನಿಂದ ಊಟದ ವಿರಾಮ ನಲವತ್ತರ ಬದಲು ಇಪ್ಪತ್ತೈದು ನಿಮಿಷ. ತಿಂಗಳ ಕೊನೆಯ ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ ಗೋಡೆಗೆ ಅಂಟಿಸಿ ತಪ್ಪಿಸಿಕೊಳ್ಳುವುದು ಮ್ಯಾನೇಜರ ಯೋಜನೆಯಾಗಿತ್ತು. ಹೆಂಡತಿಗೂ ಬಾಯಿಬಿಡಬಾರದೆಂದು ನನಗೆ ಕಟ್ಟಪ್ಪಣೆಯಾಗಿತ್ತು. ಬಾಯಿ ಬಿಟ್ಟಿರಲಿಲ್ಲ. ಬರೆದು, ಬಟ್ಟೆ ಕಟ್ಟಿ, ಡಬ್ಬಿಯ ಮೇಲಿಟ್ಟು ಕಳಿಸಿದ್ದೆ, ಅಷ್ಟೆ!

ಕೆಳಗೆ ಹೋದೆವು. ಒಬ್ಬಳೂ ಯಂತ್ರದ ಮುಂದಿರಲಿಲ್ಲ. ಎಲ್ಲರೂ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದರು. ಮುಂದೆ ಕತ್ತರಿ ಅಕ್ಕ, ಪಕ್ಕದಲ್ಲಿ ನನ್ನವಳು. ಅಕ್ಕ ನನ್ನನ್ನು ಕಂಡು ಕೈಮುಗಿದಳು. ಮೇಲಿನವರ ಕುತಂತ್ರವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ, ಏನು ಮಾಡಬೇಕೆಂದು ಮುಂದಿನ ಮಗ್ಗುಲಲ್ಲಿ ಐಸ್‌ಲ್ಯಾಂಡಿನ ನೆಪದಲ್ಲಿ ತಿಳಿಸಿಕೊಟ್ಟ ಪುಣ್ಯಾತ್ಮ ನಾನೆಂದು ಎಲ್ಲರೂ ತಿಳಿದಿದ್ದರು. ಹೌದೆಂದರೆ ಕೆಲಸ ಹೋಗುತ್ತದೆ, ಅಲ್ಲವೆಂದರೆ ಪುಣ್ಯಾತ್ಮನ ಪದವಿ ಹೋಗುತ್ತದೆ. ಹೌದೂ ಅಲ್ಲದ ಅಲ್ಲವೂ ಅಲ್ಲದ ಒಂದು ಕೆಮ್ಮು ಕೆಮ್ಮಿದೆ.

ನನ್ನವಳು ಕೈಮುಗಿಯಲಿಲ್ಲ. ಮ್ಯಾನೇಜರ ಕೈಯಿಂದ ಹಾಳೆ ತೆಗೆದುಕೊಂಡು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"'ಕಚೇರಿ ಸಿಬ್ಬಂದಿಗೆ ಈ ಸೂಚನೆ ಅನ್ವಯಿಸತಕ್ಕದ್ದಲ್ಲ.' ಸಾರ್, ಇದು ನೀವು ಹೇಳಿ ಬರೆಸಿದ್ದಾ?"

ಮ್ಯಾನೇಜರ್ ಓದಿದರು, ಮತ್ತೆ ಓದಿದರು. "ನಾನು ಹೇಳಿದ್ದು ಎಲ್ಲರಿಗೂ ಅಂತ. ಈ ಸಾಲು ನನ್ನದಲ್ಲ."

ಇನ್ನೂರ ಹನ್ನೆರಡು ಜೊತೆ ಕಣ್ಣು ನನ್ನ ಕಡೆ ತಿರುಗಿತು. ಓದುಗರೇ, ಆ ಸಾಲು ನನ್ನದು. ಟೈಪ್ ಮಾಡುವಾಗ ನನ್ನ ಒಂದು ಗಂಟೆಯ ಊಟ, ಅದರ ಬೆನ್ನಿಗೆ ಬರುವ ಹತ್ತು ನಿಮಿಷದ ಜೋಂಪು ಕಣ್ಣ ಮುಂದೆ ಬಂದು, ಬೆರಳು ತಾನಾಗಿ ಆಡಿಬಿಟ್ಟಿತ್ತು.

ಇದು ಸಿಕ್ಕಿಬಿದ್ದವನ ಸಿಟ್ಟಿರಬೇಕು, ನನಗೆ ಎಲ್ಲಿಲ್ಲದ ರೋಷ ಬಂತು. "ತಿನ್ನೋಕೆ ಇಪ್ಪತ್ತೈದು ನಿಮಿಷ ಸಾಲದಾ? ಏನು, ಮದುವೆ ಊಟವಾ?" ಎಂದು ಗುಡುಗಿದೆ.

ನನ್ನವಳ ದನಿ ಏರಲಿಲ್ಲ. ಅದೇ ಅಪಾಯದ ಲಕ್ಷಣ. "ಸರಿ, ತಿಂದು ತೋರಿಸಿ. ನಾವು ಹೇಗೆ ತಿಂತೀವೋ ಹಾಗೇ. ಗೆದ್ರೆ ಇಪ್ಪತ್ತೈದು ನಿಮಿಷಕ್ಕೆ ನಾವೆಲ್ಲ ಒಪ್ಪಿದ್ವಿ. ಸೋತ್ರೆ ಈ ಕಾಗದ ಇಲ್ಲೇ ಹರೀಬೇಕು."

ಮ್ಯಾನೇಜರ ಕಣ್ಣು ಹೊಳೆಯಿತು. ನನ್ನನ್ನು ಪಕ್ಕಕ್ಕೆ ಎಳೆದು ಕಿವಿಯಲ್ಲಿ, "ಗೆದ್ದು ಕೊಡಿ. ಚೀಟಿ ವಿಷಯ ಮರೆತುಬಿಡ್ತೀನಿ. ಸೋತರೆ ನಾಳೆ ಬರೋದೇ ಬೇಡ" ಎಂದರು. ಹೀಗೆ ಇನ್ನೂರ ಹನ್ನೆರಡು ಹೆಂಗಸರ ಮಧ್ಯಾಹ್ನ ಮತ್ತು ನನ್ನ ನೌಕರಿ ಒಂದು ಸ್ಟೀಲ್ ಡಬ್ಬಿಯಲ್ಲಿ ಒಟ್ಟಿಗೆ ಕೂತವು.

ಮೊದಲು ನನ್ನ ಎರಡೂ ಕೈಗೆ ಅಂಟು ಬಳಿದರು. ಬಳಿದವಳು ಯಾರೆಂದು ಹೇಳಬೇಕಿಲ್ಲ, ಮೊಣಕೈವರೆಗೂ ಬಳಿದಳು. ಗಂಟೆ ಹೊಡೆಯಿತು. ಓಡಿದೆ. ಇರುವುದು ಏಳು ನಲ್ಲಿ. ಅಂಟಿನ ಮೇಜಿನವರು ತಾವೂ ಮತ್ತೆ ಅಂಟು ಹಚ್ಚಿಕೊಂಡರು, ಎಲ್ಲರೂ ದಿನದಂತೆ ಸಾಲು ನಿಂತರು. ನನ್ನ ಮುಂದೆ ಹದಿನೇಳು ಜನ. ಯಾರೂ ಬೇಕೆಂದು ತಡ ಮಾಡಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು! ಪಾಪ, ಉಗುರಿನ ಸಂದಿಯ ಅಂಟು ಉಜ್ಜದೆ ಹೋಗುವಂತಿರಲಿಲ್ಲ. ನನ್ನ ಸರದಿ ಬಂದಾಗ ಹನ್ನೊಂದು ನಿಮಿಷವಾಗಿತ್ತು. ಸಾಬೂನು ಹಾಕಿದರೆ ಅಂಟು ಕರಗುವ ಬದಲು ಸಾಬೂನೇ ಕೈಗೆ ಮೆತ್ತಿಕೊಂಡಿತು.

ಬುದ್ಧಿವಂತಿಕೆ ಮಾಡಿದೆ. ಕೈ ತೊಳೆಯುವುದನ್ನು ಅರ್ಧಕ್ಕೇ ಬಿಟ್ಟು, ಚಮಚದಲ್ಲಿ ತಿಂದರಾಯಿತೆಂದು ಊಟದ ಕೋಣೆಗೆ ನುಗ್ಗಿದೆ. ಮಹಡಿಯಿಂದ ತರಿಸಿಟ್ಟಿದ್ದ ನನ್ನ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದೆ, ಡಬ್ಬಿ ನನ್ನನ್ನು ಹಿಡಿಯಿತು. ಮುಚ್ಚಳ ತೆಗೆದೆ, ಅದು ಬಲಗೈಗೆ ಬಂತು, ಕೆಳಗಿಳಿಯಲಿಲ್ಲ. ಹಲ್ಲಿನಿಂದ ಕಚ್ಚಿ ಕಿತ್ತು ಚಮಚ ಎತ್ತಿದರೆ ಅದು ಅಡ್ಡಡ್ಡವಾಗಿ ಅಂಟಿತು. ಅನ್ನ ತುಂಬಿದ ಚಮಚ ಪ್ರತಿ ಸಲವೂ ನನ್ನ ಕಿವಿಯ ಕಡೆಗೇ ಹೋಗುತ್ತಿತ್ತು. ಮ್ಯಾನೇಜರ್ ಗಡಿಯಾರ ಹಿಡಿದು, "ನುಂಗ್ರೀ, ಅಗೀಬೇಡಿ" ಎಂದು ಪಕ್ಕದಲ್ಲೇ ಗದರುತ್ತಿದ್ದರು. ನಾನು ಸೋಲಲು ಒಪ್ಪಲಿಲ್ಲ. ಬಗ್ಗಿ ಡಬ್ಬಿಯೊಳಗೆ ಮುಖವಿಟ್ಟೆ. ಮೂಗಿನ ತುದಿಯೂ ಅಂಟಿತು.

ಇಪ್ಪತ್ತೈದನೆಯ ನಿಮಿಷಕ್ಕೆ ಗಂಟೆ ಹೊಡೆದಾಗ ನನ್ನ ಹೊಟ್ಟೆ ಸೇರಿದ್ದು ಮೂರು ತುತ್ತು. ಛಲ ಬಿಡದೆ ಊಟ ಮುಗಿಸಿ, ಡಬ್ಬಿ ತೊಳೆದು, ಅದನ್ನು ಕೈಯಲ್ಲೇ ತೂಗಾಡಿಸಿಕೊಂಡು ಅಂಟಿನ ಮೇಜಿಗೆ ಬಂದು ಕೂತಾಗ ಮ್ಯಾನೇಜರ ಗಡಿಯಾರದಲ್ಲಿ ಮೂವತ್ತೊಂಬತ್ತು ನಿಮಿಷವಾಗಿತ್ತು.

ಯಾರೂ ನಗಲಿಲ್ಲ. ಅವರೆಲ್ಲ ವರ್ಷಗಟ್ಟಲೆ ದಿನಾ ಮಾಡುತ್ತಿದ್ದುದನ್ನೇ ನಾನು ಮಾಡಿದ್ದೆ, ಅದರಲ್ಲಿ ನಗುವುದೇನಿದೆ? ಕತ್ತರಿ ಅಕ್ಕ ಕೈ ಮುಂದೆ ಚಾಚಿದಳು. ಮ್ಯಾನೇಜರ್ ಅವಳನ್ನೊಮ್ಮೆ, ನಿಂತ ಯಂತ್ರಗಳನ್ನೊಮ್ಮೆ ನೋಡಿ ಕಾಗದವನ್ನು ಎರಡು ಚೂರು ಮಾಡಿದರು. ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನವಳು ಅಡ್ಡ ಬಂದಳು. ನಾಳೆ ಬೆಳಿಗ್ಗೆ ಇವರು ಹಾಜರಿ ತೆಗೆದುಕೊಳ್ಳಲು ಇಲ್ಲದಿದ್ದರೆ ನಾವು ಯಾರೂ ಹಾಜರಿ ಕೊಡುವುದಿಲ್ಲವೆಂದು ನಿಧಾನವಾಗಿ ತಿಳಿಸಿದಳು. ಮ್ಯಾನೇಜರ್ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡು ಮಹಡಿ ಹತ್ತಿದರು. ನನ್ನ ಮೇಜು ಮತ್ತೆ ನಡುಗತೊಡಗಿತು.

ಸಂಜೆ ಗೇಟಿನ ಬಳಿ ಮತ್ತೆ ನಮಸ್ಕಾರಗಳು. ನೌಕರಿ ಪಣವಿಟ್ಟು ನಮಗಾಗಿ ಬೇಕೆಂದೇ ಸೋತಿರೆಂದು ಒಬ್ಬಳು ಕಣ್ಣೊರೆಸಿಕೊಂಡಳು. ಆ ಕೊನೆಯ ಸಾಲು ಕೂಡ ನಮ್ಮ ಸಿಟ್ಟು ಕೆರಳಲೆಂದೇ ಸೇರಿಸಿದ್ದಂತಲ್ಲ, ಎಂಥ ತಲೆ ಎಂದಳು ಕತ್ತರಿ ಅಕ್ಕ. ಇದನ್ನೆಲ್ಲ ಇವರಿಗೆ ಹೇಳಿದವರಾರು? ನಾನು ಅಂಟಿದ ಮೂಗನ್ನು ಆದಷ್ಟು ಮೇಲೆತ್ತಿ ನಮಸ್ಕಾರ ಸ್ವೀಕರಿಸಿದೆ.

ದಾರಿಯುದ್ದಕ್ಕೂ ನನ್ನವಳು ಹತ್ತು ಹೆಜ್ಜೆ ಮುಂದೆ ನಡೆದಳು. ಮನೆಯ ಬಾಗಿಲಲ್ಲಿ ಬೀಗ ತೆಗೆಯುತ್ತಿದ್ದಾಗ ಧೈರ್ಯ ಮಾಡಿ ಹಿಂದೆ ನಿಂತೆ.

"ನಾನು ಬೇಕಂತ ಸೋತೆ ಅಂತ ಅವರಿಗೆಲ್ಲ ಹೇಳಿದ್ದು ನೀನಾ?"

"ಹೂಂ. ಇಲ್ಲದಿದ್ರೆ ನಿಮ್ಮ ನೌಕರಿ ಉಳಿಸೋಕೆ ಅವರ್ಯಾಕೆ ನಿಲ್ತಿದ್ರು?"

"ಏನೇ ಹೇಳು, ನಿನಗಾದರೂ ನನ್ನ ಮನಸ್ಸು ಅರ್ಥವಾಯಿತಲ್ಲ."

ಅವಳು ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಾಗಿಲು ತೆರೆದು ಒಳಗೆ ಹೋದಳು. ನನ್ನನ್ನು ಹೊರಗೇ ಬಿಟ್ಟು ಬಾಗಿಲು ಹಾಕುವ ಮುಂಚೆ ಹೇಳಿದಳು:

"ನೀವು ಗೆಲ್ಲೋಕೆ ಡಬ್ಬಿಯೊಳಗೆ ಮುಖ ಇಟ್ಟಿದ್ದು ನಾನು ನೋಡಿದ್ದೀನಿ. ಇನ್ನೂರ ಹನ್ನೊಂದು ಜನ ನಿಮ್ಮನ್ನ ಪುಣ್ಯಾತ್ಮ ಅಂತಾನೇ ಅಂದ್ಕೊಂಡಿರಲಿ. ನನ್ನನ್ನ ಆ ಲೆಕ್ಕಕ್ಕೆ ಸೇರಿಸಬೇಡಿ."