ಎಂಬತ್ಮೂರಕ್ಕೆ ಒಂದು

ಎಲ್ಲಕ್ಕೂ ಆ ಹಾಳು ಫೋನೇ ಕಾರಣ. ವರ್ಮಾಂಟ್‌ನ ಹಳ್ಳಿಯೊಂದರಲ್ಲಿ ಆರು ವರ್ಷ ಎಂಜಿನಿಯರಾಗಿದ್ದು, ಮೂರು ವಾರದ ಹಿಂದಷ್ಟೇ ದೂರದ ವುಡ್‌ಬ್ರಿಡ್ಜ್ ಪಟ್ಟಣಕ್ಕೆ ಬಂದಿದ್ದ ಅಶ್ವತ್ಥನಾರಾಯಣನಿಗೆ ಆ ಹಳ್ಳಿಯ ಚುನಾವಣಾ ಗುಮಾಸ್ತೆ ಎಡ್ನಾ ಫೋನ್ ಮಾಡಿದ್ದಳು: "ನಿಮ್ಮ ವೋಟು ಇನ್ನೂ ಇಲ್ಲೇ ಇದೆ. ಮಂಗಳವಾರ ತಪ್ಪಿಸಬೇಡಿ."

ಅದು ಎಪ್ಪತ್ತಾರರ ನವೆಂಬರ್, ಅಧ್ಯಕ್ಷರ ಚುನಾವಣೆ. ಸಿಟಿಜನ್ ಆದಮೇಲೆ ಅವನ ಮೊದಲ ವೋಟು. ಇಂಡಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟ ದಿನ ಊಟ ಸೇರದೆ ಮಲಗಿದ್ದವನು, ಬದಲಿಗೆ ಸಿಕ್ಕಿದ ಈ ಒಂದು ಹಕ್ಕನ್ನಾದರೂ ತನ್ನ ಮನಸ್ಸಿನಂತೆಯೇ ಚಲಾಯಿಸಬೇಕೆಂದು ಹಟ ಹಿಡಿದಿದ್ದ. ಅವನ ಮನಸ್ಸು ಕಡಲೆಕಾಯಿ ಬೆಳೆಯುವ ಡೆಮೊಕ್ರಾಟ್ ಮೇಲಿತ್ತು.

"ಆ ಊರವರು ಅಜ್ಜನ ಕಾಲದಿಂದ ರಿಪಬ್ಲಿಕನ್ ಕಣ್ರೀ," ಎಂದಳು ಹೆಂಡತಿ ರಮಾಮಣಿ. "ಗೆಲ್ಲದ ಒಂದು ವೋಟಿಗೆ ಆರು ಗಂಟೆ ಡ್ರೈವ್ ಮಾಡ್ತೀರಾ? ತಲೆ ನೆಟ್ಟಗಿದೆ ತಾನೆ?"

ಬೀಗರ ಮನೆಗೆ ಹೊರಟವನಂತೆ ಸೂಟು ಹಾಕಿಕೊಂಡು ಅವನು ಹೊರಟೇಬಿಟ್ಟ. ಪಕ್ಕದ ಮನೆಯ ದಿವಾಕರ ಕರೆಯದೆಯೇ ಕಾರು ಹತ್ತಿದ. "ನಡೀರಿ ಸಾರ್, ನುಗ್ಗೇಬಿಡೋಣ!" ಮ್ಯಾಪ್ ಹಿಡಿದು ಪ್ರಜಾಪ್ರಭುತ್ವದ ಬಗ್ಗೆ ಭಾಷಣ ಬಿಗಿಯುತ್ತಾ ಎರಡು ಸಲ ದಾರಿ ತಪ್ಪಿಸಿದ. ನಡುವೆ ಟೈರೂ ಪಂಕ್ಚರಾಯಿತು.

ಹಳ್ಳಿಯ ಹಾಲ್ ತಲುಪಿದಾಗ ಬಾಗಿಲು ಹಾಕಲು ಹತ್ತೇ ನಿಮಿಷವಿತ್ತು. ಒಳಗಿದ್ದ ಮುದುಕರೆಲ್ಲ ಎದ್ದು ಬಂದು ತಬ್ಬಿಕೊಂಡರು. ಆರು ಚಳಿಗಾಲ ಅವನ ಮನೆ ಮುಂದಿನ ಹಿಮ ಎತ್ತಿದವರು, ರಮಾಮಣಿಯ ಬಾಣಂತನದಲ್ಲಿ ಸೂಪು ತಂದುಕೊಟ್ಟವರು. "ಇಷ್ಟು ದೂರದಿಂದ ಬಂದೆಯಲ್ಲಯ್ಯಾ! ನೀನು ನಮ್ಮವನೇ!"

ಪರದೆಯ ಹಿಂದೆ ಪೆನ್ಸಿಲ್ ಹಿಡಿದು ನಿಂತವನ ಕಣ್ಣು ತುಂಬಿತು. ಅಯ್ಯೋ, ಇಂಥವರಿಗೆ ಎದುರು ಬೀಳುವುದೇ? ಕೈ ತಾನಾಗಿ ಸರಿದು ರಿಪಬ್ಲಿಕನ್ ಹೆಸರಿನ ಮುಂದೆ ಗುರುತು ಹಾಕಿತು. ಹೊರಬರುವಷ್ಟರಲ್ಲಿ ನಾಚಿಕೆಯಾಯಿತು.

ಏಳಕ್ಕೆ ಎಲ್ಲರೆದುರೇ ಎಣಿಕೆ. ಎಡ್ನಾ ಓದಿದಳು: "ರಿಪಬ್ಲಿಕನ್ ಎಂಬತ್ಮೂರು. ಡೆಮೊಕ್ರಾಟ್ ಒಂದು."

ಅಷ್ಟೂ ತಲೆಗಳು ಅಶ್ವತ್ಥನಾರಾಯಣನ ಕಡೆ ತಿರುಗಿದವು.

"ನಾನಲ್ಲ! ದೇವರಾಣೆ ನಾನಲ್ಲ!"

"ಹೋಗ್ಲಿ ಬಿಡಪ್ಪ, ಹೊಸಬ," ಎಂದು ಮುದುಕನೊಬ್ಬ ಮೈದಡವಿದ. "ಗಂಡು ಅಂದ್ರೆ ನೀವು ಸಾರ್!" ಎಂದು ದಿವಾಕರ ಬೆನ್ನು ಚಪ್ಪರಿಸಿದ.

ಕಾರಿನವರೆಗೆ ಬಂದ ಎಡ್ನಾ ಮೆಲ್ಲಗೆ ಹೇಳಿದಳು: "ಆ ಒಂದು ವೋಟು ನನ್ನದು. ಹನ್ನೆರಡು ವರ್ಷದಿಂದ ಧೈರ್ಯ ಸಾಲದೆ ಊರಿನ ಜೊತೆಗೇ ಹಾಕ್ತಿದ್ದೆ. ನಿಮ್ಮ ಮನಸ್ಸು ಯಾವ ಕಡೆ ಅಂತ ಗೊತ್ತಿತ್ತು. ಜೊತೆಗೆ ನೀವೊಬ್ಬರು ಇರ್ತೀರಿ ಅಂತಲೇ ಫೋನ್ ಮಾಡಿದ್ದು." ಅವಳು ಅವನ ಮುಖವನ್ನೇ ನೋಡಿದಳು. "ಎರಡು ಬರಬೇಕಿತ್ತಲ್ಲ, ಇನ್ನೊಂದೆಲ್ಲಿ?"

ಅಷ್ಟು ಹೊತ್ತು 'ನಾನಲ್ಲ, ನಾನಲ್ಲ' ಎಂದು ಬಡಕೊಂಡಿದ್ದ ಅಶ್ವತ್ಥನಾರಾಯಣನಿಗೆ, ಅವಳೆದುರು ಅದೇ ಮಾತು ಹೇಳಲು ನಾಲಿಗೆ ಏಳಲಿಲ್ಲ.