ತ್ರ್ಯಂಬಕ ಮಾಸ್ತರರ ಜಲಜನಕ

ಹುಬ್ಬಳ್ಳಿಯ ಆ ಹೈಸ್ಕೂಲಿನ ಪ್ಲಾಟಿನಮ್ ಪಟ್ಟಿ ಎರಡೂ ಮೋರಿ ಪಾಲಾದವು. ತೊಳೆಯಲು ಹೋಗಿ ಕೈಜಾರಿಸಿದವರು ಪ್ರಯೋಗ ತೋರಿಸುವ ಹಂಗಾಮಿ ಮಾಸ್ತರ ತ್ರ್ಯಂಬಕರಾಯರು. ಅದೂ ಎಂಥ ದಿನ! ಮಧ್ಯಾಹ್ನ ಧಾರವಾಡದಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದು, ಅಂಥ ಪಟ್ಟಿಗಳಿಗೆ ವಿದ್ಯುತ್ತು ಹರಿಸಿ ನೀರು ಒಡೆದು ಜಲಜನಕ ತೆಗೆಯುವ ಪ್ರಯೋಗ ನೋಡುವವರಿದ್ದರು. ಮೆಚ್ಚಿದರೆ ನೌಕರಿ ಕಾಯಂ. ಕಾಯಂ ಆದರಷ್ಟೇ ಸುಹಾಸಿನಿಯನ್ನು ಮದುವೆ ಮಾಡಿಕೊಡುವುದಾಗಿ ಅವಳಪ್ಪ ಬಿಂದುಮಾಧವರಾಯರು ಖಡಾಖಂಡಿತ ಹೇಳಿದ್ದರು. ಪಾಪ, ಮಾಸ್ತರರು ಕೈಕಟ್ಟಿ ಕೂರುವುದಾದರೂ ಹೇಗೆ?

ಸಾಲಿಯ ಬ್ಯಾಟರಿಯನ್ನು ಮನೆಗೇ ತಂದು ಬೆಳಿಗ್ಗೆಯಿಂದ ಪರೀಕ್ಷೆಗೆ ಕೂತರು. ತಾಮ್ರದ ಪಟ್ಟಿ ಇಟ್ಟರು, ನೀರು ನೀಲಿಯಾಯಿತು. ಕಬ್ಬಿಣ ಇಟ್ಟರು, ಹುಣಸೆ ಸಾರಿನ ಬಣ್ಣಕ್ಕೆ ತಿರುಗಿತು. ಕಡೆಗೆ, ಸೈಕಲ್ಲಿಗೆ ನಿಕ್ಕಲ್ ಹೊಳಪು ಕೊಡುವ ಹಜರತಅಲಿಯ ಅಂಗಡಿಗೆ ಓಡಿದರು.

"ಪ್ಲಾಟಿನಮ್ ಅಂದ್ರ ಶ್ರೀಮಂತರ ಮನಿ ಸೊಸಿರೀ ಮಾಸ್ತರ," ಎನ್ನುತ್ತ ಅವನು ಎರಡು ನಿಕ್ಕಲ್ ಪಟ್ಟಿ ಕೊಟ್ಟ. "ಇದು ನಮ್ಮಂಥವರ ಮನೀದು. ಕಾಸ್ಟಿಕ್ ಸೋಡಾದ ನೀರಾಗ ಇಡ್ರಿ. ಎಷ್ಟ್ ದುಡಿಸಿದ್ರೂ ಸವೆಯಂಗಿಲ್ಲ."

ಮನೆಗೆ ಬಂದು ಇಟ್ಟು ನೋಡಿದರೆ, ಖರೇ! ಗುಳುಗುಳು ಗುಳ್ಳೆ ಎದ್ದವು, ನೀರು ತಿಳಿಯಾಗೇ ಉಳಿಯಿತು. "ಬಂತು! ಜಲಜನಕ ಬಂತು!" ಎಂದು ಮಾಸ್ತರರು ಕೂಗಿದ್ದೇ ತಪ್ಪಾಯಿತು. ಬಿರುಬೇಸಿಗೆ, ಓಣಿಯ ಬಾವಿಯಲ್ಲಿ ಕೊಡ ಮುಳುಗುತ್ತಿರಲಿಲ್ಲ. ಜಲ ಹುಟ್ಟಿಸುವ ಯಂತ್ರವೇ ಬಂತೆಂದು ಮನೆಯೊಡತಿ ಲಕ್ಷ್ಮೀಬಾಯಿ ಕೊಡ ಹಿಡಿದು ಬಂದಳು. ಅವಳ ಹಿಂದೆ ಇಡೀ ಓಣಿ.

"ಕಾಕೂ, ಇದು ನೀರು ಮಾಡೂದಲ್ಲರೀ, ನೀರು ಒಡಿಯೂದು!"

"ಅಯ್ಯ ನಿನ್ನ! ಇದ್ದ ನೀರೂ ಒಡೀಲಿಕ್ಕೆ ಹತ್ತೀಯೇನೋ?"

"ಸುಟ್ರ ಮತ್ತ ನೀರ ಆಗ್ತದರೀ."

"ಎಷ್ಟು ಕೊಡ?"

"ಒಂದು... ಹನಿ."

ಕೊಡಗಳು ಮೇಲೇಳುವ ಮೊದಲೇ ಮಾಸ್ತರರು ಜಾಡಿ, ಬ್ಯಾಟರಿ ಎರಡನ್ನೂ ಅವಚಿಕೊಂಡು ಸಾಲಿಗೆ ಓಡಿದರು.

ಸಾಹೇಬರೆದುರು ಪ್ರಯೋಗ ಬೆಣ್ಣೆಯಿಂದ ಕೂದಲು ತೆಗೆದಂತೆ ನಡೆಯಿತು. ಉರಿಯುವ ಕಡ್ಡಿ ಹಿಡಿದಾಗ ಜಲಜನಕ 'ಟಪ್' ಎಂದಿತು. ಸಾಹೇಬರು ಕುರ್ಚಿಯಿಂದ ಜಿಗಿದು ಚಪ್ಪಾಳೆ ತಟ್ಟಿದರು.

"ಭಲೇ! ಈ ಪಟ್ಟಿ ಎಷ್ಟು ದಿನ ಬಾಳ್ತಾವ?"

ಮಾಸ್ತರರು ಹಿಗ್ಗಿಹೋದರು. "ವರ್ಷಗಟ್ಟಲೆ ಬಾಳ್ತಾವರೀ! ತಿಕ್ಕೂದು ಬ್ಯಾಡ, ಬದಲಿ ಮಾಡೂದು ಬ್ಯಾಡ. ತಂತಿ ಹಚ್ಚಿದ್ರ ಮುಗೀತು, ನಮ್ಮ ಜವಾನ ಸುದ್ದಾ ಮಾಡ್ತಾನ!"

ಸಾಹೇಬರು ಖುಷಿಯಿಂದ ಪುಸ್ತಕದಲ್ಲಿ ಷರಾ ಬರೆದು ಹೊರಟರು. ಹೆಡ್‌ಮಾಸ್ತರರು ಅದನ್ನು ಗಟ್ಟಿಯಾಗಿ ಓದಿದರು:

"ನಿಕ್ಕಲ್ ಪಟ್ಟಿ ಕಾಯಂ. ಇನ್ನು ಮುಂದೆ ಪ್ರಯೋಗವನ್ನು ಜವಾನನೇ ತೋರಿಸತಕ್ಕದ್ದು. ಹಂಗಾಮಿ ಮಾಸ್ತರರ ಹುದ್ದೆ ರದ್ದು."